ಬಾನೆಟ್ ಎತ್ತಿ ಮಾತಾಡೋಣ: ಬ್ಯಾಟರಿ ನಿಜಕ್ಕೂ ಹೋಗಿದೆಯಾ?

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ಸಣ್ಣ ಅಂಗಡಿಯಲ್ಲಿ ಕೂತು 31 ವರ್ಷದಿಂದ ಗಾಡಿಗಳ ವಯರಿಂಗ್, ಸೆಲ್ಫ್ ಮೋಟರ್, ಡೈನಮೋ, ಬ್ಯಾಟರಿ ಕೆಲಸ ಮಾಡುತ್ತಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಕೈಗೆ ಕೊಟ್ಟಿದ್ದು ಡಿಸ್ಟಿಲ್ಡ್ ವಾಟರ್ ಕ್ಯಾನ್ ಒಂದೇ. ಆಸಿಡ್ ಸಿಡಿದು ತೂತಾಗದ ಅಂಗಿ ಆಗ ನನ್ನ ಹತ್ತಿರ ಒಂದೂ ಇರಲಿಲ್ಲ. ಈ ಸಲ ಬ್ಯಾಟರಿ ಬಗ್ಗೆ ಕೇಳಿ ಎಂದಿದ್ದೆ. ಪತ್ರಗಳ ರಾಶಿಯೇ ಬಂತು. ಹೆಸರು ಬೇಡ ಎಂದು ಹಲವರು ಕೇಳಿಕೊಂಡಿದ್ದರಿಂದ ಊರಷ್ಟೇ ಹಾಕಿದ್ದೇನೆ.

ನಮ್ಮದು ನಾಲ್ಕು ವರ್ಷದ ಪೆಟ್ರೋಲ್ ಕಾರು. ಒಂದು ತಿಂಗಳಿಂದ ಬೆಳಿಗ್ಗೆ ಸೆಲ್ಫ್ ಕೊಟ್ಟರೆ ಎಳೆದೆಳೆದು ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ತೊಂದರೆ ಇಲ್ಲ. ಅಂಗಡಿಯವರು ಮೆಷಿನ್ ಹಚ್ಚಿ ನೋಡಿ ‘ಬದಲಿಸಿ’ ಅಂದರು. ದಿನಾ ಓಡಿಸುವುದು ಹಾಲಿನ ಡೇರಿ, ಗ್ರಂಥಾಲಯ ಸೇರಿ ಎರಡು ಮೂರು ಕಿಲೋಮೀಟರ್. ಬದಲಿಸಲೇಬೇಕೆ?
– ನಿವೃತ್ತ ಶಿಕ್ಷಕರು, ಸಾಗರ

ಮೇಷ್ಟ್ರೇ, ಮೊದಲು ಒಂದು ಮಾತು ಕೇಳುತ್ತೇನೆ. ಆ ಮೆಷಿನ್ ಹಚ್ಚುವ ಮುಂಚೆ ಬ್ಯಾಟರಿಯನ್ನು ಚಾರ್ಜಿಂಗ್‌ಗೆ ಹಾಕಿದ್ದರೇ? ಹಾಕದೇ ಇದ್ದರೆ ಆ ಟೆಸ್ಟ್‌ಗೆ ಬೆಲೆಯಿಲ್ಲ. ಎರಡು ದಿನ ಉಪವಾಸ ಇದ್ದವನನ್ನು ದುಗ್ಗಮ್ಮನ ಜಾತ್ರೆಯ ಕುಸ್ತಿ ಅಖಾಡಕ್ಕೆ ಇಳಿಸಿ, ‘ಇವನಿಗೆ ತಾಕತ್ತಿಲ್ಲ’ ಅಂದ ಹಾಗೆ ಆಗುತ್ತದೆ. ಊಟ ಹಾಕಿ ಆಮೇಲೆ ನೋಡಬೇಕು.

ನಿಮ್ಮ ಕಾರು ಊಟ ಸಿಗದೆ ಸೊರಗಿರುವ ಸಾಧ್ಯತೆಯೇ ಹೆಚ್ಚು. ಸೆಲ್ಫ್ ಹೊಡೆದಾಗ ಬ್ಯಾಟರಿಯಿಂದ ನೂರೈವತ್ತು, ಇನ್ನೂರು ಆಂಪಿಯರ್ ಒಮ್ಮೆಲೇ ಹೋಗುತ್ತದೆ. ಅದನ್ನು ಡೈನಮೋ ವಾಪಸ್ ತುಂಬಬೇಕಾದರೆ ಗಾಡಿ ಸ್ವಲ್ಪ ಹೊತ್ತು ಓಡಬೇಕು. ಡೇರಿ ಮುಂದೆ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ, ಗ್ರಂಥಾಲಯದ ಮುಂದೆ ನಿಲ್ಲಿಸಿ, ಜೊತೆಗೆ ನಿಮ್ಮ ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಗಾಜಿನ ಮಂಜು ಓಡಿಸಲು ಬ್ಲೋವರ್. ಬಂದದ್ದಕ್ಕಿಂತ ಹೋದದ್ದೇ ಜಾಸ್ತಿ. ಹೀಗೆ ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇದ್ದರೆ ಒಳಗಿನ ಸೀಸದ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬಚ್ಚಲ ಹಂಡೆಯ ಒಳಗೆ ಸುಣ್ಣ ಕಟ್ಟಿದ ಹಾಗೆ. ಬೇಗ ಗಮನಿಸಿದರೆ ನಿಧಾನ ಚಾರ್ಜಿಂಗ್‌ನಲ್ಲಿ ಕರಗುತ್ತದೆ. ತಡವಾದರೆ ಇಲ್ಲ.

ಈಗ ಮನೆಯಲ್ಲೇ ನೋಡುವ ವಿಧಾನ. ₹500ರೊಳಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಸಿಗುತ್ತದೆ, ತಂದಿಟ್ಟುಕೊಳ್ಳಿ. ಹಿಂದಿನ ಸಂಜೆ ಬ್ಯಾಟರಿಯನ್ನು ಪರಿಚಯದ ಅಂಗಡಿಯಲ್ಲಿ ನಿಧಾನ ಚಾರ್ಜಿಂಗ್‌ಗೆ ಹಾಕಿಸಿ. 35 ಎಎಚ್ (ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ಹೊಟ್ಟೆಯ ಅಳತೆ) ಬ್ಯಾಟರಿಗೆ ಮೂರೂವರೆ ಆಂಪಿಯರ್ ಸಾಕು. ‘ಅರ್ಧ ಗಂಟೆಯಲ್ಲಿ ಕೊಡ್ತೀನಿ ಸಾರ್’ ಅನ್ನುವವರ ಹತ್ತಿರ ಬೇಡ. ತಂದು ಕೂರಿಸಿ, ಒಂದು ರಾತ್ರಿ ಗಾಡಿ ಮುಟ್ಟಬೇಡಿ. ಬೆಳಿಗ್ಗೆ ಎದ್ದವರೇ ಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲಿದ್ದರೆ ಹೊಟ್ಟೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಮ್ಮಿ ಖಾಲಿ. ರಾತ್ರಿ ತುಂಬಿ ತಂದದ್ದು ಬೆಳಿಗ್ಗೆ 12.1 ತೋರಿಸಿದರೆ ಅದು ಚಾರ್ಜ್ ಹಿಡಿದಿಡುತ್ತಿಲ್ಲ ಎಂದರ್ಥ. ಎಷ್ಟು ಚಾರ್ಜ್ ಮಾಡಿದರೂ 10.5ರ ಹತ್ತಿರವೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಒಂದೊಂದು ಸೆಲ್‌ಗೆ 2.1 ವೋಲ್ಟ್, ಲೆಕ್ಕ ನೀವೇ ಹಾಕಿ.

ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಕೂತಲ್ಲೇ 12.6 ತೋರಿಸಿ, ಭಾರ ಬಿದ್ದ ಕೂಡಲೇ ಕುಸಿಯುವ ಬ್ಯಾಟರಿಗಳನ್ನು ವಾರಕ್ಕೆ ನಾಲ್ಕಾದರೂ ನೋಡುತ್ತೇನೆ. ಆದ್ದರಿಂದ ಮೀಟರ್‌ನ ಕಡ್ಡಿಗಳನ್ನು ಟರ್ಮಿನಲ್ ಮೇಲೆ ನೀವು ಹಿಡಿದು, ಮನೆಯವರಿಗೆ ಸೆಲ್ಫ್ ಕೊಡಲು ಹೇಳಿ. ನಂಬರ್ ಎಲ್ಲಿವರೆಗೆ ಇಳಿಯುತ್ತದೆ ನೋಡಿ. 10ರ ಮೇಲೇ ನಿಂತರೆ ಗಟ್ಟಿ. 9.6ಕ್ಕಿಂತ ಕೆಳಗಿಳಿದರೆ, ಅದೂ ಪೂರ್ತಿ ಚಾರ್ಜ್ ಇದ್ದು ಇಳಿದರೆ, ಬೇಜಾರು ಮಾಡಿಕೊಳ್ಳದೆ ಬದಲಿಸಿ. ನಾಲ್ಕು ವರ್ಷ ದುಡಿದಿದೆ, ನಷ್ಟವೇನಿಲ್ಲ. ಇಳಿಯದಿದ್ದರೆ ದುಡ್ಡು ಉಳಿಸಿ, ವಾರಕ್ಕೊಮ್ಮೆ ಅಮ್ಮನವರನ್ನು ಕೂರಿಸಿಕೊಂಡು ಜೋಗದ ಕಡೆ ಹೋಗಿ ಬನ್ನಿ.

ಮೀಟರ್ ಇಲ್ಲದಿದ್ದರೆ ಕಿವಿಯಿದೆ. ಗಟ್ಟಿ ಬ್ಯಾಟರಿ ಒಂದೇ ಉಸಿರಿಗೆ ‘ಗ್ರ್‌ರ್’ ಎಂದು ಎಂಜಿನ್ ತಿರುಗಿಸುತ್ತದೆ. ಸೊರಗಿದ್ದು ‘ಗರ್… ಗರ್… ಗರ್’ ಎಂದು ನಡುನಡುವೆ ದಮ್ಮು ತೆಗೆದುಕೊಳ್ಳುತ್ತದೆ. ಇನ್ನೂ ಇಳಿದಿದ್ದರೆ ‘ಟಕಟಕಟಕ’ ಎಂಬ ಸದ್ದಷ್ಟೇ. ಸೆಲ್ಫ್‌ನ ಸ್ವಿಚ್ ಹಿಡಿಯಲು ಹೋಗಿ, ವೋಲ್ಟೇಜ್ ಸಾಲದೆ ಬಿಟ್ಟು, ಮತ್ತೆ ಹಿಡಿಯುತ್ತಿರುತ್ತದೆ. ಹೆಡ್‌ಲೈಟ್ ಝಗ್ಗೆಂದು ಉರಿಯುತ್ತಾ ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ಬ್ಯಾಟರಿಯನ್ನು ಬೈಯಬೇಡಿ, ಸೆಲ್ಫ್ ಮೋಟರ್ ಬಿಚ್ಚಿಸಿ.

ಬ್ಯಾಟರಿ ಮೇಲಿನ ಸಣ್ಣ ಕಣ್ಣು ಹಸಿರಾಗೇ ಇದೆ. ಆದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಹೇಗೆ?
– ಬಿ.ಕಾಂ. ವಿದ್ಯಾರ್ಥಿ, ಹಾವೇರಿ

ತಮ್ಮಾ, ಆ ಕಣ್ಣು ನೋಡುವುದು ಆರು ಮನೆಯಲ್ಲಿ ಒಂದು ಮನೆಯನ್ನು ಮಾತ್ರ. ಒಳಗೆ ಒಂದು ಹಸಿರು ಗೋಲಿ ಇದೆ, ಆಸಿಡ್ ಗಟ್ಟಿಯಿದ್ದರೆ ತೇಲುತ್ತದೆ, ತೆಳುವಾದರೆ ಮುಳುಗಿ ಕಣ್ಣು ಕಪ್ಪಾಗುತ್ತದೆ. ಉಳಿದ ಐದರಲ್ಲಿ ಯಾವುದಾದರೂ ಹೋಗಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಪ್ಪು ಕಂಡರೆ ಚಾರ್ಜಿಂಗ್‌ಗೆ ಹಾಕು. ಬಿಳಿ ಕಂಡರೆ ಒಳಗಿನ ನೀರು ಇಳಿದಿದೆ, ಸೀಲ್ ಮಾಡಿದ ಬ್ಯಾಟರಿಯಾದರೆ ಅದರ ಕಾಲ ಮುಗಿಯಿತು. ಹಸಿರು ಕಂಡರೆ ಮೇಲೆ ಮೇಷ್ಟ್ರಿಗೆ ಹೇಳಿದ ಪರೀಕ್ಷೆ ಮಾಡು. ಅದಕ್ಕೂ ಮುಂಚೆ ಟರ್ಮಿನಲ್ ಕ್ಲಾಂಪನ್ನು ಕೈಯಲ್ಲಿ ತಿರುಗಿಸಿ ನೋಡು. ತಿರುಗಿದರೆ ಕೆಲಸ ಹತ್ತನೇ ನಂಬರ್ ಸ್ಪ್ಯಾನರ್‌ನದ್ದು.

ಎಂಟು ತಿಂಗಳಲ್ಲಿ ಎರಡು ಬ್ಯಾಟರಿ ಬದಲಿಸಿದೆ. ಮೂರು ದಿನ ನಿಲ್ಲಿಸಿದರೆ ಮತ್ತೆ ಡೌನ್. ಕಂಪನಿ ಬದಲಿಸಲೇ?
– ಹಾರ್ಡ್‌ವೇರ್ ಅಂಗಡಿ ಮಾಲೀಕರು, ರಾಣೆಬೆನ್ನೂರು

ಅಣ್ಣಾ, ಮೂರನೇದನ್ನು ತರಬೇಡಿ. ಎರಡು ಹೊಸ ಬ್ಯಾಟರಿ ಸಾಲಾಗಿ ಸತ್ತವೆಂದರೆ ಕಳ್ಳ ಗಾಡಿಯಲ್ಲೇ ಕೂತಿದ್ದಾನೆ.

2011ರಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಡೀಸೆಲ್ ಜೀಪ್ ತಂದಿದ್ದರು. ಸೆಲ್ಫ್ ಎಳೆಯುತ್ತಿರಲಿಲ್ಲ. ನಾನು ಸದ್ದು ಕೇಳಿದವನೇ ‘ಬ್ಯಾಟರಿ ಹೋಗಿದೆ’ ಅಂದೆ, ಹೊಸದು ಹಾಕಿದೆ, ಸ್ಟಾರ್ಟ್ ಆಯಿತು, ದುಡ್ಡು ಎಣಿಸಿಕೊಂಡೆ. ಹನ್ನೆರಡನೇ ದಿನ ಜೀಪನ್ನು ಟ್ರ್ಯಾಕ್ಟರ್‌ಗೆ ಕಟ್ಟಿಕೊಂಡು ಬಂದರು. ಕೂಗಾಡಲಿಲ್ಲ. ‘ತಮ್ಮಾ, ಅವತ್ತು ನೀನು ನೋಡಿ ಹೇಳಿದ್ಯೋ, ಸುಮ್ನೆ ಹೇಳಿದ್ಯೋ?’ ಅಂದರು ಅಷ್ಟೆ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ ಒಳಗೊಳಗೇ ಹಸಿರುಗಟ್ಟಿ ಪುಡಿಯಾಗಿತ್ತು. ಬ್ಯಾಟರಿ ಬದಲಿಸುವಾಗ ನಾನು ವಯರ್ ಅಲ್ಲಾಡಿಸಿದ್ದರಿಂದ ಒಂದಿಷ್ಟು ದಿನ ಹಿಡಿದಿತ್ತು. ಪಟ್ಟಿ ಬದಲಿಸಿ, ಬ್ಯಾಟರಿ ದುಡ್ಡು ವಾಪಸ್ ಕೊಟ್ಟೆ. ಅವರ ಹಳೆಯ ಬ್ಯಾಟರಿ ಅಷ್ಟರಲ್ಲಿ ಗುಜರಿಗೆ ಹೋಗಿಯಾಗಿತ್ತು. ಅದು ಇನ್ನೂ ಒಂದು ವರ್ಷ ಬರುತ್ತಿತ್ತೇನೋ. ಅವತ್ತಿನಿಂದ ಮೀಟರ್ ಹಿಡಿಯದೆ ಬ್ಯಾಟರಿ ಮಾರಿಲ್ಲ.

ಅರ್ಥಿಂಗ್ ನೋಡುವುದು ಸುಲಭ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್‌ನ ಬರೀ ಲೋಹಕ್ಕೆ. ಸೆಲ್ಫ್ ಕೊಟ್ಟಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಪಟ್ಟಿಯಲ್ಲಿ ತೊಂದರೆ ಇದೆ. ಆ ಜೀಪ್‌ನಲ್ಲಿ ಮೂರು ವೋಲ್ಟ್ ಇತ್ತು.

ನಿಮ್ಮ ಗಾಡಿಯ ಕಥೆ ಬೇರೆ ಇರಬಹುದು. ಪತ್ರದ ಕೊನೆಯಲ್ಲಿ ‘ಹೋದ ವರ್ಷ ಡ್ಯಾಶ್ ಕ್ಯಾಮೆರಾ ಹಾಕಿಸಿದೆ’ ಎಂದು ಬರೆದಿದ್ದೀರಿ. ನನ್ನ ಅನುಮಾನವೆಲ್ಲ ಅದರ ಮೇಲೆ. ಲಾಕ್ ಮಾಡಿ ನಿಲ್ಲಿಸಿದ ಕಾರೂ ಅಲಾರಂ, ಗಡಿಯಾರ, ಕಂಪ್ಯೂಟರ್‌ಗೆ ಒಂದಿಷ್ಟು ಕರೆಂಟ್ ತಿನ್ನುತ್ತದೆ. 50 ಮಿಲಿ ಆಂಪಿಯರ್‌ವರೆಗೆ ಸಹಜ. ದಿನಕ್ಕೆ 1.2 ಎಎಚ್ ಆಯಿತು, ಎರಡು ವಾರ ನಿಲ್ಲಿಸಿದರೆ 35 ಎಎಚ್ ಬ್ಯಾಟರಿ ಅರ್ಧಕ್ಕೆ ಬರುತ್ತದೆ. ಅದೇ ಕ್ಯಾಮೆರಾ ರಾತ್ರಿಯೆಲ್ಲ ಎಚ್ಚರವಿದ್ದು 250 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ 6 ಎಎಚ್. ಮೂರು ದಿನಕ್ಕೆ ಅರ್ಧ ಖಾಲಿ! ನೀವು ಹೇಳಿದ ಮೂರು ದಿನ ಇಲ್ಲಿಗೆ ಸರಿ ಹೊಂದುತ್ತದೆ.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ‘ಲೀಕೇಜ್ ಕರೆಂಟ್ ನೋಡಿ’ ಅನ್ನಿ. ಮೈನಸ್ ವಯರ್ ಬಿಚ್ಚಿ ನಡುವೆ ಮೀಟರ್ ಕೂರಿಸಿ, ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಕಾಯುತ್ತಾರೆ. ಒಳಗಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ಆಮೇಲೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರೆ ಯಾವುದನ್ನು ಕಿತ್ತಾಗ ಕರೆಂಟ್ ಇಳಿಯಿತೋ ಆ ಸರ್ಕ್ಯೂಟ್‌ನಲ್ಲಿ ಕಳ್ಳ ಇದ್ದಾನೆ. ಕಾಯದೆ ಎರಡೇ ನಿಮಿಷದಲ್ಲಿ ‘ಎಲ್ಲಾ ಸರಿ ಇದೆ’ ಅಂದರೆ ಅವರು ನೋಡಿಲ್ಲ.

ಇನ್ನೊಂದು. ಗಾಡಿ ಓಡುವಾಗ ಮೀಟರ್ ಬೋರ್ಡ್‌ನಲ್ಲಿ ಕೆಂಪು ಬ್ಯಾಟರಿ ಚಿತ್ರ ಹತ್ತಿಕೊಂಡರೆ ಬ್ಯಾಟರಿ ಕೆಟ್ಟಿದೆ ಎಂದಲ್ಲ, ಚಾರ್ಜ್ ಆಗುತ್ತಿಲ್ಲ ಎಂದರ್ಥ. ಡೈನಮೋ ಅಥವಾ ಅದರ ಬೆಲ್ಟ್. ಎಂಜಿನ್ ಆನ್ ಇದ್ದಾಗ ಬ್ಯಾಟರಿ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಏರಿಸಿ ಇಳಿಸಿ ಆಡಿಸುತ್ತದೆ, ಒಂದು ಸಲ ಕಡಿಮೆ ಕಂಡಿತೆಂದು ಗಾಬರಿ ಬೇಡ.

ನಮ್ಮೂರಲ್ಲಿ ಎರಡೂವರೆ ವರ್ಷಕ್ಕೆ ಬ್ಯಾಟರಿ ಮುಗಿಯುತ್ತದೆ. ಮಡಿಕೇರಿಯಲ್ಲಿರುವ ತಂಗಿಯ ಕಾರಿನದ್ದು ಐದು ವರ್ಷ ಬಂತು. ಅದೇ ಕಂಪನಿ, ಅದೇ ಸೈಜು. ನಮಗೆ ಕಳಪೆ ಮಾಲು ಕಳಿಸುತ್ತಾರಾ?
– ಗೃಹಿಣಿ, ರಾಯಚೂರು

ಇಲ್ಲ ಅಕ್ಕಾ, ಮಾಲು ಒಂದೇ. ಕೆಡಿಸುತ್ತಿರುವುದು ನಿಮ್ಮೂರ ಬಿಸಿಲು. ಬ್ಯಾಟರಿಗೆ ಚಳಿ ಆಗದು ಎಂದು ಎಲ್ಲರೂ ತಿಳಿದಿದ್ದಾರೆ. ಅದರ ಆಯಸ್ಸು ತಿನ್ನುವುದು ಶಾಖ. ಹತ್ತು ಡಿಗ್ರಿ ಏರಿದರೆ ಒಳಗಿನ ಸವೆತ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಎಂಬುದು ನಮ್ಮ ಕಸುಬಿನ ಲೆಕ್ಕ. ಪ್ಲಸ್ ಪ್ಲೇಟ್‌ನ ಸೀಸದ ಜಾಲರಿ ತುಕ್ಕು ತಿಂದಂತೆ ಸವೆಯುತ್ತದೆ, ನೀರು ಆವಿಯಾಗಿ ಹೋಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನ ನೆರಳಲ್ಲೇ 40 ದಾಟುತ್ತದೆ, ಬಾನೆಟ್ ಒಳಗಿನ ಪಾಡು ನೀವೇ ಊಹಿಸಿ.

ವಿಚಿತ್ರ ಏನೆಂದರೆ, ಬೇಸಿಗೆಯಲ್ಲಿ ಸವೆದ ಬ್ಯಾಟರಿ ಬೇಸಿಗೆಯಲ್ಲೇ ಕೈಕೊಡುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಎಂಜಿನ್ ಆಯಿಲ್ ಮಂದವಾಗಿ, ಒಳಗಿನ ರಾಸಾಯನಿಕ ಕ್ರಿಯೆಯೂ ನಿಧಾನವಾದಾಗ ಕುಳಿತುಬಿಡುತ್ತದೆ. ಜನ ‘ಚಳಿಗೆ ಹೋಯ್ತು’ ಅನ್ನುತ್ತಾರೆ. ಎರಡು ವರ್ಷ ದಾಟಿದ ಮೇಲೆ ಪ್ರತಿ ಮಳೆಗಾಲದ ಶುರುವಿಗೆ ಒಮ್ಮೆ ಟೆಸ್ಟ್ ಮಾಡಿಸಿ. ನೆರಳಲ್ಲಿ ನಿಲ್ಲಿಸಿ. ಬ್ಯಾಟರಿ ಸುತ್ತ ಕಂಪನಿಯವರು ಕೊಟ್ಟ ಕಪ್ಪು ಹೊದಿಕೆ ಇದ್ದರೆ ಅದನ್ನು ಮೆಕ್ಯಾನಿಕ್ ಬಿಸಾಡದಂತೆ ನೋಡಿಕೊಳ್ಳಿ. ಎಂಜಿನ್ ಶಾಖ ತಡೆಯಲೆಂದೇ ಅದನ್ನು ಹಾಕಿರುವುದು.

ಡಬ್ಬಿಯ ಪಕ್ಕೆಗಳು ಪೂರಿಯಂತೆ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೀಟರ್ ಗೀಟರ್ ಏನೂ ಬೇಡ, ಅವತ್ತೇ ಬದಲಿಸಿ. ಜೊತೆಗೆ ಡೈನಮೋ 15 ವೋಲ್ಟ್ ದಾಟಿ ಕೊಡುತ್ತಿದೆಯೇ ನೋಡಿಸಿ. ನೋಡಿಸದಿದ್ದರೆ ಹೊಸದನ್ನೂ ಹಾಗೇ ಬೇಯಿಸುತ್ತದೆ.

ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬ್ಯಾಟರಿಗೆ ಹಾಕಬಹುದೆ? ಆರ್‌ಓ ನೀರು?
– ಕಲಬುರಗಿ

ಎರಡೂ ಬೇಡ. ಎಸಿ ನೀರು ಆವಿಯಿಂದ ಬಂದದ್ದೇ ಆದರೂ ಕಾಯಿಲ್ ಮೇಲಿನ ಧೂಳು, ಲೋಹ ತೊಳೆದುಕೊಂಡು ಬರುತ್ತದೆ. ಆರ್‌ಓ ನೀರಲ್ಲಿ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಕೊಡುವ ಚಿಲ್ಲರೆ ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಳ್ಳಬೇಡಿ. ಆಸಿಡ್ ಅಂತೂ ಎಂದೂ ಮೇಲಿನಿಂದ ಸುರಿಯಬೇಡಿ. ಆರೂ ಸೆಲ್‌ನಲ್ಲಿ ನೀರು ಬೇಗ ಇಳಿಯುತ್ತಿದ್ದರೆ ಅತಿ ಚಾರ್ಜ್ ಆಗುತ್ತಿದೆ. ಒಂದರಲ್ಲಿ ಮಾತ್ರ ಇಳಿದರೆ ಆ ಸೆಲ್ ಕೆಡುತ್ತಿದೆ, ಇಲ್ಲವೇ ಡಬ್ಬಿ ಬಿರುಕು ಬಿಟ್ಟಿದೆ.

ಎಂಜಿನ್ ಓಡುವಾಗ ಬ್ಯಾಟರಿ ವಯರ್ ಕಿತ್ತು ನೋಡಿದರೆ ಡೈನಮೋ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ಮಾಡಬಹುದೆ?
– ತುಮಕೂರು

ನಿಮ್ಮ ತಂದೆಯವರ ಕಾಲದ ಗಾಡಿಯಲ್ಲಿ ನಾನೂ ಮಾಡಿದ್ದೇನೆ, ನನ್ನ ಗುರುಗಳು ಕಲಿಸಿದ್ದೂ ಅದನ್ನೇ. ಈಗಿನ ಕಾರಿನಲ್ಲಿ ಮಾಡಬೇಡಿ. ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಜಿಗಿದು ಡೈನಮೋದ ಡಯೋಡ್, ಎಂಜಿನ್ ಕಂಪ್ಯೂಟರ್ ಸುಟ್ಟುಹೋಗಬಹುದು. ಆಗ ಬರುವ ಬಿಲ್‌ನಲ್ಲಿ ಹಲವು ಬ್ಯಾಟರಿ ಬರುತ್ತವೆ.

ಮಗಳು ಬೆಂಗಳೂರಿನಲ್ಲಿ ಒಬ್ಬಳೇ ಇರುತ್ತಾಳೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಕಾರಿನ ಬಾಗಿಲೂ ತೆಗೆಯಲಿಲ್ಲವಂತೆ. ಇಂಥ ಹೊತ್ತಲ್ಲಿ ಏನು ಮಾಡಬೇಕೆಂದು ಅವಳಿಗೆ ಓದಿಸುತ್ತೇನೆ.
– ತಾಯಿ, ಹಾಸನ

ಅಮ್ಮಾ, ರಿಮೋಟ್ ಕೀ ಒಳಗೆ ಒಂದು ಲೋಹದ ಕೀ ಅಡಗಿರುತ್ತದೆ. ಬದಿಯ ಸಣ್ಣ ಗುಂಡಿ ಒತ್ತಿ ಎಳೆದರೆ ಬರುತ್ತದೆ. ಬಾಗಿಲ ಹಿಡಿಯ ಬಳಿ ಅದಕ್ಕೆ ತೂತು ಇದೆ, ಕೆಲವು ಕಾರಲ್ಲಿ ಮುಚ್ಚಳದ ಹಿಂದೆ. ಒಂದು ಸಲ ಹಗಲಲ್ಲೇ ಹುಡುಕಿಟ್ಟುಕೊಳ್ಳಲು ಹೇಳಿ. ಒಳಗಿನ ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಾ ‘ಕೀ ಇಲ್ಲ’ ಎಂದು ಮಾತ್ರ ತೋರಿಸಿದರೆ ಅದು ದೊಡ್ಡ ಬ್ಯಾಟರಿಯಲ್ಲ, ಕೀ ಒಳಗಿನ ಬಿಲ್ಲೆ ಸೆಲ್ಲು. ಸಾಮಾನ್ಯವಾಗಿ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿದರೆ ಸ್ಟಾರ್ಟ್ ಆಗುತ್ತದೆ.

ದೊಡ್ಡ ಬ್ಯಾಟರಿಯೇ ಇಳಿದಿದ್ದರೆ ಜಂಪ್ ಕೊಡಬೇಕು. ಪಕ್ಕದ ಕಾರು ತಾಗದಂತೆ ಹತ್ತಿರ ನಿಲ್ಲಿಸಿ, ಎರಡೂ ಆಫ್ ಮಾಡಿ. ಕೆಂಪು ವಯರ್‌ನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ವಯರ್‌ನ ಒಂದು ತುದಿ ಒಳ್ಳೆಯದರ ಮೈನಸ್‌ಗೆ. ಕೊನೆಯ ತುದಿ ಇಳಿದ ಬ್ಯಾಟರಿಯ ಮೈನಸ್‌ಗೆ ಬೇಡ, ಆ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಕೊನೆಯ ಕ್ಲಿಪ್ಪಿಗೆ ಕಿಡಿ ಹಾರುತ್ತದೆ, ಬ್ಯಾಟರಿ ಬಾಯಲ್ಲಿ ಹೈಡ್ರೋಜನ್ ಇರುತ್ತದೆ. ನಮ್ಮ ಅಂಗಡಿಯ ಹುಡುಗನೊಬ್ಬ ಇದನ್ನು ಮರೆತು ಮುಖಕ್ಕೆ ಆಸಿಡ್ ಸಿಡಿಸಿಕೊಂಡಿದ್ದ. ಕನ್ನಡಕ ಇತ್ತು, ಕಣ್ಣು ಉಳಿಯಿತು. ಒಳ್ಳೆಯ ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಆಮೇಲೆ ಇಳಿದದ್ದಕ್ಕೆ ಸೆಲ್ಫ್ ಕೊಡಲಿ. ಬಿಚ್ಚುವಾಗ ಉಲ್ಟಾ ಕ್ರಮ.

ಸ್ಟಾರ್ಟ್ ಆದ ಮೇಲೆ ಬೇಸ್‌ಮೆಂಟ್‌ನಲ್ಲೇ ಎಂಜಿನ್ ಓಡಿಸಿಕೊಂಡು ನಿಲ್ಲುವುದು ಬೇಡ, ಹೊಗೆ ಅಪಾಯ. ರಸ್ತೆಗೆ ತಂದು ಮುಕ್ಕಾಲು ಗಂಟೆ ಓಡಿಸಿ, ನೇರ ಅಂಗಡಿಗೆ ಹೋಗಿ ಚಾರ್ಜ್ ಮಾಡಿಸಿ ಟೆಸ್ಟ್ ಮಾಡಿಸಲಿ. ಆಟೊಮ್ಯಾಟಿಕ್ ಗೇರ್ ಕಾರಾದರೆ ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ, ವಾಚ್‌ಮನ್‌ಗಳನ್ನು ಕರೆದು ದಣಿಸುವುದು ಬೇಡ.

ಎಲೆಕ್ಟ್ರಿಕ್ ಕಾರು ತಗೊಂಡರೆ ಈ ರಗಳೆ ಇರುವುದಿಲ್ಲ ಅಲ್ಲವೆ?
– ಉಡುಪಿ

ಇರುತ್ತದೆ. ಅದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ. ದೊಡ್ಡ ಬ್ಯಾಟರಿಯ ಸ್ವಿಚ್ ಹಾಕುವುದೇ ಇದು. ಇದು ಮಲಗಿದರೆ ದೊಡ್ಡದರಲ್ಲಿ 90 ಪರ್ಸೆಂಟ್ ಇದ್ದರೂ ಕಾರು ಏಳುವುದಿಲ್ಲ. ಸೆಲ್ಫ್ ಇಲ್ಲದ್ದರಿಂದ ‘ಗರ್… ಗರ್’ ಎಂಬ ಮುನ್ಸೂಚನೆಯೂ ಸಿಗುವುದಿಲ್ಲ. ವಯಸ್ಸು ನೋಡಿ ಟೆಸ್ಟ್ ಮಾಡಿಸುವುದೊಂದೇ ದಾರಿ.

ಬದಲಿಸುವುದು ಖಚಿತವಾಯಿತು. ಅಂಗಡಿಯಲ್ಲಿ ಏನು ನೋಡಿ ತರಬೇಕು?
– ಚಿತ್ರದುರ್ಗ

ಹಳೆಯದರ ಮೇಲಿನ ನಂಬರನ್ನು ಫೋನಲ್ಲಿ ಫೋಟೊ ತೆಗೆದುಕೊಂಡು ಹೋಗಿ. 38ಬಿ20ಎಲ್ ಎಂದಿದ್ದರೆ 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಬದಿಗಿದೆ ಎಂಬುದರ ಗುರುತು. ಅದು ತಪ್ಪಿದರೆ ವಯರ್ ಎಟುಕುವುದಿಲ್ಲ, ಎಳೆದು ಕಟ್ಟಿ ಕೊಡುತ್ತಾರೆ, ಒಪ್ಪಬೇಡಿ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಕಾರಾದರೆ ಇಎಫ್‌ಬಿ ಅಥವಾ ಎಜಿಎಂ ಎಂಬ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳಿಕೊಳ್ಳಲೆಂದೇ ಮಾಡಿದ ಬ್ಯಾಟರಿ ಇರುತ್ತದೆ, ಅದರ ಜಾಗಕ್ಕೆ ಅಗ್ಗದ ಸಾದಾ ಬ್ಯಾಟರಿ ಹಾಕಿಸಿದರೆ ಬೇಗ ಕೈಕೊಡುತ್ತದೆ. ತಯಾರಾದ ತಿಂಗಳನ್ನು ಡಬ್ಬಿ ಮೇಲೆ ಅಚ್ಚು ಹಾಕಿರುತ್ತಾರೆ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ಕೇಳಿ. ವಾರಂಟಿ ಕಾರ್ಡ್‌ನಲ್ಲಿ ತಾರೀಕು, ಸೀರಿಯಲ್ ನಂಬರ್ ನಿಮ್ಮ ಕಣ್ಣೆದುರೇ ಬರೆಸಿ. ಪೂರ್ತಿ ಬದಲಿಸಿ ಕೊಡುವುದು ಎಷ್ಟು ತಿಂಗಳು, ಆಮೇಲೆ ಬರೀ ರಿಯಾಯಿತಿ ಎಷ್ಟು ತಿಂಗಳು ಎಂಬುದನ್ನು ಬೇರೆ ಬೇರೆಯಾಗಿ ಕೇಳಿ. ‘60 ತಿಂಗಳು’ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಎರಡನ್ನೂ ಕೂಡಿಸಿ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕ್ಲಾಂಪ್ ಮೇಲೆ ಬೆಳ್ಳಗೆ, ನೀಲಿ ಹಸಿರಾಗಿ ಹಿಟ್ಟು ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿ ಮಾಡಿದ ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ಹಳೆಯ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ತೂಕ ಸೀಸವೇ, ಅದಕ್ಕೆ ಬೆಲೆಯಿದೆ. ಹಳೆಯದನ್ನು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು ಎಂದು ಎರಡೂ ರೇಟ್ ಕೇಳಿ. ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೇ ಹಾಕಿವೆ. ಮನೆಗೆ ತಂದು ಹಿತ್ತಲಲ್ಲಿ ಇಡಬೇಡಿ. ನನ್ನ ಮಾವನವರು ಹಾಗೆ ಇಟ್ಟ ಜಾಗದಲ್ಲಿ ಮೂರು ವರ್ಷ ಒಂದು ಹುಲ್ಲೂ ಹುಟ್ಟಲಿಲ್ಲ.